ಮುಚ್ಚಳ

“ಮುಚ್ಚಳ ಎಲ್ಲೇ?” ಎಂದು ಹೌದಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

ತಟ್ಟೆ ಓವನ್ನಿನಿಂದ ಆಗಷ್ಟೇ ಹೊರಬಂದಿತ್ತು. ಎರಡು ತುತ್ತಿಗಾಗುವಷ್ಟು ಪುಟ್ಟ ಪೇಸ್ಟ್ರಿಗಳು ತಂತಿ ಜಾಲರಿಯ ಮೇಲೆ ಸಾಲಾಗಿ ಕೂತು ಚಿಟಿಚಿಟಿ ಸದ್ದು ಮಾಡುತ್ತಿದ್ದವು. ಪದರಗಳು ಉಬ್ಬಿ ಎದ್ದಿದ್ದವು. ಮೂಲೆಗಳನ್ನು ಒಟ್ಟಿಗೆ ಚಿವುಟಿದ ಕಡೆ ಕಂದುಬಣ್ಣ, ನಡುವೆ ಕರಗಿದ ಬಿಳಿ ಚೀಸು, ಅದರ ಮೇಲೆ ಜೇನಿನಲ್ಲಿ ಬಾಡಿಸಿದ ಅಂಜೂರದ ಒಂದು ಹೋಳು. ಅವನ ಹೆಂಡತಿ ಹಣೆಯ ಬೆವರನ್ನು ಮೊಣಕೈಯಲ್ಲೇ ಒರೆಸಿಕೊಂಡು ಅವನ್ನೇ ನೋಡುತ್ತ ನಿಂತಿದ್ದಳು.

“ಈಗಲೇ ಮುಚ್ಚಬಾರದು ರೀ. ಬಿಸಿ ಆರಲಿ. ಮುಚ್ಚಿದ್ರೆ ಹಬೆ ಒಳಗೇ ನಿಂತು ಎಲ್ಲಾ ಮೆತ್ತಗಾಗಿಬಿಡುತ್ತೆ.”

“ಹಾಂ, ಹಾಂ,” ಎಂದ ಹೌದಪ್ಪ ಕೈಗಡಿಯಾರ ನೋಡಿಕೊಂಡು. ಅವನು ಹಾಂ ಎಂದರೆ ಕೇಳಿಸಿಕೊಂಡ ಎಂದು ಅರ್ಥವಲ್ಲ. ಅದು ಅವನ ಬಾಯಿಂದ ಬಿಕ್ಕಳಿಕೆ ಥರ ತಾನಾಗಿ ಬರುತ್ತದೆ, ಅಷ್ಟೆ.

ಹೌದಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ, ಆಫೀಸಿನವರು ದಯಪಾಲಿಸಿದ್ದು. ದೊಡ್ಡ ಸಾಹೇಬರು ಸುಡುಬಿಸಿಲಿನಲ್ಲಿ ಯಾಕೋ ಚಳಿ ಎಂದರೆ ಇವನು ಕಾಲರ್ ಏರಿಸಿಕೊಳ್ಳುತ್ತಿದ್ದ. ಸಾಹೇಬರು ಜೋಕು ಹೇಳುವ ಮೊದಲೇ ನಗುವುದಕ್ಕೆ ಬಾಯಿ ತೆರೆದಿಟ್ಟುಕೊಳ್ಳುತ್ತಿದ್ದ. ಇಂಥವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಇವನ ಆಫೀಸಿನಲ್ಲಿ ಇನ್ನೂ ಮೂವರಿದ್ದರು, ಅದೇ ಇವನ ಸಂಕಟ. ಈಗ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗುವುದರಲ್ಲಿತ್ತು, ನಾಲ್ವರ ಬಾಯಲ್ಲೂ ನೀರೂರುತ್ತಿತ್ತು. ಅಂಥ ಹೊತ್ತಿನಲ್ಲಿ ಸಾಹೇಬರು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಮನೆಗೆ ಕರೆದರು. ಒಬ್ಬೊಬ್ಬರು ಒಂದೊಂದು ತಿಂಡಿ ತರಬೇಕು, ಸುಲಭವಾದದ್ದು ಏನಾದರೂ ಸಾಕು ಎಂದು ಸಾಹೇಬರ ಹೆಂಡತಿ ಫೋನಿನಲ್ಲಿ ಹೇಳಿದ್ದರು. ಕರೆದು ಉಣ್ಣಿಸುವ ಔದಾರ್ಯ ತಮ್ಮದು, ಬೇಯಿಸುವ ಕಷ್ಟ ಮಾತ್ರ ಬಂದವರದು. ದೊಡ್ಡವರು ದೊಡ್ಡವರಾಗುವುದು ಸುಮ್ಮನೆ ಅಲ್ಲ.

ಹಿಂದೊಮ್ಮೆ ಯಾವುದೋ ಹೋಟೆಲಿನ ಪಾರ್ಟಿಯಲ್ಲಿ ಈ ಮೇಡಂ ಚೀಸು, ಹಣ್ಣು ಇಟ್ಟು ಬೇಯಿಸಿದ ಪೇಸ್ಟ್ರಿ ತಿಂದು ಆಹಾ ಎಂದದ್ದನ್ನು ಹೌದಪ್ಪ ಕಂಡಿದ್ದ. ಮದುವೆಯ ದಿನ ಹೆಂಡತಿ ಉಟ್ಟ ಸೀರೆಯ ಬಣ್ಣ ಯಾವುದೆಂದು ಕೇಳಿದರೆ ತಡವರಿಸುವ ಮನುಷ್ಯನಿಗೆ ಇದು ಮಾತ್ರ ಚೆನ್ನಾಗಿ ನೆನಪಿತ್ತು. ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿ ಹೆಂಡತಿಯ ಮೂಗಿನ ಮುಂದೆ ಹಿಡಿದ. ಅಂಗಡಿಯಲ್ಲಿ ಸಿಗುವ ಪೇಸ್ಟ್ರಿ ಹಾಳೆ ತಂದು, ಕತ್ತರಿಸಿ, ತುಂಬಿ, ಓವನ್ನಿಗೆ ತಳ್ಳಿದರಾಯಿತು, ಮಕ್ಕಳಾಟ ಎಂದ. ಅವನು ಈ ಜನ್ಮದಲ್ಲಿ ಒಂದು ಲೋಟ ನೀರು ಕಾಯಿಸಿದವನಲ್ಲ.

ಹೆಂಡತಿ ಮೊದಲು ಬರುವುದೇ ಇಲ್ಲ ಎಂದಿದ್ದಳು. ಹೋದ ಸಲ ಸಾಹೇಬರ ಮನೆಗೆ ಹೋದಾಗ ಇವನು ಅವಳನ್ನು ಬಾಗಿಲ ಹತ್ತಿರವೇ ಬಿಟ್ಟು ಒಳಗೆ ಓಡಿದ್ದ. ಇವಳು ನನ್ನ ಹೆಂಡತಿ ಎಂದು ಒಬ್ಬರಿಗೂ ಹೇಳಿರಲಿಲ್ಲ. ಗೋಡೆ ಪಕ್ಕ ನಿಂತಿದ್ದವಳ ಕೈಗೆ ಯಾರೋ ಎಂಜಲು ತಟ್ಟೆ ಕೊಟ್ಟು, ಸ್ವಲ್ಪ ನೀರು ತಂದುಕೊಡಮ್ಮ ಎಂದಿದ್ದರು. ಅವಳು ಗಂಡನ ಕಡೆ ನೋಡಿದಳು. ಅವನೂ ನೋಡಿದ, ನೋಡಿ ಮುಖ ಆಚೆ ತಿರುಗಿಸಿದ. ಆ ತಟ್ಟೆಯ ಭಾರ ಇನ್ನೂ ಅವಳ ಕೈಯಿಂದ ಇಳಿದಿರಲಿಲ್ಲ.

“ಈ ಸಲ ಎಲ್ಲರ ಮುಂದೆ ನಾನೇ ಹೇಳ್ತೀನಿ ಕಣೇ,” ಎಂದು ಹೌದಪ್ಪ ಅವಳ ಕೈ ಹಿಡಿದುಕೊಂಡು ಹೇಳಿದ್ದ. “ಇದು ನನ್ನ ಹೆಂಡ್ತಿ ಮಾಡಿದ್ದು ಅಂತ. ಸಾಹೇಬ್ರ ಮುಂದೇನೇ ಹೇಳ್ತೀನಿ. ಸಾಕಾ?”

ಆ ಒಂದು ಮಾತು ಕೇಳುವುದಕ್ಕಾಗಿ ಅವಳು ವಾರವಿಡೀ ಒದ್ದಾಡಿದಳು. ಮೊದಲ ಸಲ ಹಸಿ ಅಂಜೂರವನ್ನೇ ಇಟ್ಟಳು, ರಸ ಸೋರಿ ತಳವೆಲ್ಲ ಕರಿಕಾಯಿತು. ಇನ್ನೊಂದು ಸಲ ಹಾಳೆ ಪೂರ್ತಿ ಮೆತ್ತಗಾಗುವ ತನಕ ಹೊರಗಿಟ್ಟುಬಿಟ್ಟಳು, ಪದರವೇ ಏಳಲಿಲ್ಲ, ಚೀಸು ಹರಿದು ತಟ್ಟೆಗೆ ಅಂಟಿತು. ಅತ್ತೆ ಅದನ್ನೇ ಕೆರೆದು ತಿಂದು, “ಹಣ್ಣಿಗೂ ಚೀಸಿಗೂ ಯಾವ ಜನ್ಮದ ನಂಟು ಗಂಟು ಹಾಕಿದ್ಯಮ್ಮ? ಆದ್ರೂ ಚೆನ್ನಾಗಿದೆ” ಎಂದರು. ಆಮೇಲೆ ಕೈಗೆ ಹದ ಸಿಕ್ಕಿತು. ಹಾಳೆ ಬಗ್ಗಬೇಕು, ಆದರೆ ಮುಟ್ಟಿದರೆ ತಣ್ಣಗಿರಬೇಕು. ಅಂಜೂರವನ್ನು ಜೇನಿನಲ್ಲಿ ಬಾಡಿಸಿ ರಸ ಇಂಗಿಸಬೇಕು. ಚೀಸಿಗೆ ಒಂದು ಚಿಟಿಕೆ ಮೆಣಸಿನ ಪುಡಿ ಹಾಕಬೇಕು. ಮೇಲೆ ಮೊಟ್ಟೆಯ ಹಳದಿ ಸವರಿ ಓವನ್ನಿಗೆ ಇಟ್ಟರೆ, ಗಾಜಿನಾಚೆ ಪದರ ಪದರ ಬಿಚ್ಚಿಕೊಂಡು ಏಳುವುದನ್ನು ನೋಡುವುದೇ ಒಂದು ಸುಖ. ಸುಲಭವಂತೆ, ಸುಲಭ!

ಅವಳು ಬಟ್ಟೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ಜಾಲರಿ ಖಾಲಿಯಾಗಿತ್ತು. ಹೌದಪ್ಪ ಪೇಸ್ಟ್ರಿಗಳನ್ನೆಲ್ಲ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ಸ್ನಾನದ ಟವೆಲ್ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದ. ಮುಖದಲ್ಲಿ ಊರು ಗೆದ್ದವನ ಕಳೆ. ಅವಳು ಡಿಕ್ಕಿ ತೆಗೆಯಿರಿ, ಮುಚ್ಚಳ ಓರೆ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದಳು.

“ತೆರೆದ ಡಬ್ಬಿ ಹಿಡ್ಕೊಂಡು ದೊಡ್ಡವರ ಮನೆಗೆ ಹೋಗ್ತಾರೇನೆ? ಮೇಡಂಗೆ ಬಿಸಿಬಿಸಿ ಕೊಡ್ಬೇಕು. ನಿನಗೆ ಅದೆಲ್ಲ ಗೊತ್ತಾಗಲ್ಲ, ಹತ್ತು.”

ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಅವಳು ಹಿಂದಕ್ಕೆ ತಿರುಗಿ ನೋಡಿದಳು. ಹೌದಪ್ಪ ಕನ್ನಡಿಯಲ್ಲಿ ತನ್ನ ನಗುವನ್ನು ಅಭ್ಯಾಸ ಮಾಡುತ್ತಿದ್ದ.

ಸಾಹೇಬರ ಮನೆ ತುಂಬಾ ಕುರ್ಚಿಗಳು, ಕುರ್ಚಿಗಳ ತುಂಬಾ ಹಲ್ಲು ಕಿರಿಯುವವರು. ಕಾರು ನಿಂತ ಕೂಡಲೇ ಹೌದಪ್ಪ ಡಬ್ಬಿಯನ್ನು ಹೆಂಡತಿಯ ಕೈಗೆ ತುರುಕಿ, ಒಂದೇ ಉಸಿರಿಗೆ ಮೆಟ್ಟಿಲೇರಿ ಸಾಹೇಬರ ಮಗ್ಗುಲಲ್ಲಿ ಜಾಗ ಹಿಡಿದ. ಅವಳು ಟವೆಲ್ ಬಿಚ್ಚಿ, ಮಡಚಿ ಚೀಲಕ್ಕೆ ಹಾಕಿಕೊಂಡು, ಉದ್ದ ಮೇಜಿನ ಮೇಲೆ ಉಳಿದವರ ಪಾತ್ರೆಗಳ ನಡುವೆ ಡಬ್ಬಿ ಇಟ್ಟಳು. ಮುಚ್ಚಳ ತೆಗೆಯುವ ಧೈರ್ಯ ಆಗಲಿಲ್ಲ. ಡಬ್ಬಿ ಇನ್ನೂ ಬೆಚ್ಚಗಿತ್ತು. ಅವಳು ಗೋಡೆಯ ಪಕ್ಕಕ್ಕೆ ಸರಿದು ನಿಂತಳು.

ಎಲ್ಲರೂ ಮೇಜಿನ ಸುತ್ತ ಸೇರಿದ ಮೇಲೆ ಸಾಹೇಬರ ಹೆಂಡತಿ ಒಂದೊಂದೇ ಪಾತ್ರೆ ತೆರೆದು, ಒಂದೊಂದಕ್ಕೂ ಅಳೆದು ತೂಗಿ ಮೆಚ್ಚುಗೆ ಹಂಚುತ್ತ ಬಂದರು. ಹೌದಪ್ಪನ ಪ್ರತಿಸ್ಪರ್ಧಿಗಳ ಹೆಂಡತಿಯರು ನಾಚಿದರು, ಪ್ರತಿಸ್ಪರ್ಧಿಗಳು ಎದೆ ಉಬ್ಬಿಸಿದರು. ಕೊನೆಗೆ ಈ ಡಬ್ಬಿಯ ಸರದಿ ಬಂತು. ಮುಚ್ಚಳ ಎತ್ತಿದ ಕೂಡಲೇ ಅದರ ಒಳಮೈಯಿಂದ ನೀರು ಮೇಜಿನ ಬಟ್ಟೆಯ ಮೇಲೆ ತೊಟತೊಟನೆ ಬಿತ್ತು. ಒಳಗಿದ್ದವು ಒಂದಕ್ಕೊಂದು ಅಂಟಿಕೊಂಡು, ಕುಸಿದು, ಒದ್ದೆಯಾಗಿ ಕೂತಿದ್ದವು. ಮೇಡಂ ಎರಡೇ ಬೆರಳಲ್ಲಿ ಒಂದನ್ನು ಎತ್ತಿದರು. ಅದು ನೆನೆದ ಕಾಗದದ ಹಾಗೆ ಜೋತುಬಿತ್ತು, ಅಂಜೂರದ ಹೋಳು ಜಾರಿ ಮತ್ತೆ ಡಬ್ಬಿಗೇ ಬಿತ್ತು. ಯಾರೋ ಕಿಸಕ್ಕೆಂದರು.

“ಇದು ಯಾರ ಕೈವಾಡಪ್ಪಾ?” ಎಂದು ಸಾಹೇಬರು ನಗುತ್ತ ಪಕ್ಕದಲ್ಲಿದ್ದ ಹೌದಪ್ಪನನ್ನೇ ಕೇಳಿದರು.

ಅವಳು ಗಂಡನ ಮುಖವನ್ನೇ ನೋಡಿದಳು. ತಿಂಡಿ ಕೆಟ್ಟಿತ್ತು, ಅದು ಅವಳಿಗೂ ಕಾಣುತ್ತಿತ್ತು. ಆದರೂ ಹೇಳಬಹುದಿತ್ತು. ನನ್ನ ಹೆಂಡತಿ ಮಾಡಿದ್ದು ಸಾರ್, ನಾನೇ ಮುಚ್ಚಿ ಹಾಳುಮಾಡಿದೆ ಎಂದಿದ್ದರೆ ಎಲ್ಲರೂ ನಕ್ಕು ಮುಗಿಸುತ್ತಿದ್ದರು. ಅಷ್ಟು ಹೇಳಿದ್ದರೆ ಅವಳು ಉಳಿದದ್ದನ್ನೆಲ್ಲ, ಆ ಎಂಜಲು ತಟ್ಟೆಯನ್ನೂ, ಮರೆತುಬಿಡುತ್ತಿದ್ದಳು.

“ಗೊತ್ತಿಲ್ಲ ಸಾರ್,” ಎಂದ ಹೌದಪ್ಪ. “ಯಾವುದೋ ಬೇಕರೀದಿರ್ಬೇಕು,” ಎಂದು ಎಲ್ಲರಿಗಿಂತ ಜೋರಾಗಿ ನಕ್ಕ.

ಥೂ. ಇಂಥವನಿಗೆ ಇನ್ನೇನು ಹೇಳುವುದು?

ಅವಳು ಗೋಡೆಯ ಪಕ್ಕದಿಂದ ಮೇಜಿನ ಹತ್ತಿರ ಬಂದಳು.

“ನಂದು. ಮಾಡಿದ್ದು ನಾನು. ಬಿಸಿ ಇರೋವಾಗ್ಲೇ ಮುಚ್ಚಿ, ಟವೆಲ್ ಸುತ್ತಿ, ಡಿಕ್ಕೀಲಿ ಇಟ್ಟಿದ್ದು ನನ್ನ ಗಂಡ.”

“ಯಾರಮ್ಮ ನಿನ್ನ ಗಂಡ?” ಎಂದರು ಸಾಹೇಬರು.

“ಗೊತ್ತಿಲ್ಲ ಅಂದ್ರಲ್ಲ, ಅವರೇ.”

ಸಾಹೇಬರು ಹೌದಪ್ಪನ ಕಡೆ ತಿರುಗಿ, ಹೌದಾ ಎಂದು ಹುಬ್ಬೇರಿಸಿದರು. ಸುಳ್ಳು ಹೇಳಬೇಕೋ ನಿಜ ಹೇಳಬೇಕೋ ಎಂದು ಯೋಚಿಸುವುದಕ್ಕೆ ಅವನಿಗೆ ಪುರಸೊತ್ತೇ ಸಿಗಲಿಲ್ಲ. ಸಾಹೇಬರು ಹೌದಾ ಎಂದರೆ ಅವನ ನಾಲಿಗೆಗೆ ಗೊತ್ತಿದ್ದದ್ದು ಒಂದೇ.

“ಹೌದು ಸಾರ್,” ಎಂದ.

ಅವಳು ನಗಲಿಲ್ಲ, ಅಳಲೂ ಇಲ್ಲ. ಚೀಲದಲ್ಲಿದ್ದ ಟವೆಲನ್ನು ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟು, ಬರ್ತೀನಿ ಎಂದು ಮೇಡಂಗೆ ಹೇಳಿ, ಹೊರಗೆ ಬಂದು ಬಸ್ಸು ಹತ್ತಿದಳು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಸಿವಾಗುತ್ತಿರುವುದು ಆಗ ಗೊತ್ತಾಯಿತು.

ಮನೆಯಲ್ಲಿ ಅತ್ತೆ ಪತ್ರಿಕೆ ಓದುತ್ತ ಕೂತಿದ್ದರು. ಇಷ್ಟು ಬೇಗ ಮುಗಿಯಿತೇ ಎಂದರು. ಮುಗಿಯಿತು ಎಂದು ಅವಳು ನೇರ ಅಡುಗೆಮನೆಗೆ ಹೋಗಿ ಓವನ್ ಹಚ್ಚಿದಳು. ಫ್ರಿಜ್ಜಿನಲ್ಲಿ ಒಂದು ಹಾಳೆ ಉಳಿದಿತ್ತು, ಅಂಜೂರವೂ ಸ್ವಲ್ಪ ಇತ್ತು. ಹಾಳೆ ಕತ್ತರಿಸುತ್ತ, ಚೀಸು ಇಡುತ್ತ, ಮೂಲೆ ಚಿವುಟುತ್ತ, ಹಿಂದೆಯೇ ಬಂದ ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದಳು. ಮಗನ ಮೇಲೆ ದೂರು ಹೇಳಿದರೆ ಅತ್ತೆಗೆ ಕೋಪ ಬರಬಹುದು ಎಂಬ ಅಳುಕು ಇತ್ತು, ಆದರೂ ನಿಲ್ಲಿಸಲಿಲ್ಲ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಇವನಪ್ಪನ ಸ್ನೇಹಿತರು ಒಂದ್ಸಲ ಮನೆಗೆ ಬಂದಿದ್ರು. ಈಕೆ ಯಾರು ಅಂತ ಕೇಳಿದ್ರು. ಇವನಪ್ಪ ಕೆಲಸಕ್ಕೆ ಬರ್ತಾಳೆ ಅಂದ್ಬಿಟ್ರು, ನಾನು ಹಳೇ ಸೀರೆ ಉಟ್ಟಿದ್ದೆ ಅಂತ.”

“ನೀವೇನು ಹೇಳಿದ್ರಿ ಅತ್ತೆ?”

“ಎಲ್ಲರಿಗೂ ನೀರು ತಂದುಕೊಟ್ಟೆ.”

ಓವನ್ನಿನ ಗಾಜಿನಾಚೆ ಪದರಗಳು ಏಳುತ್ತಿದ್ದವು. ಇಬ್ಬರೂ ನೋಡುತ್ತ ನಿಂತರು. ತಟ್ಟೆ ಹೊರಗೆ ಬಂದಾಗ ಅವಳು ಎಲ್ಲವನ್ನೂ ಜಾಲರಿಯ ಮೇಲೆ ಸಾಲಾಗಿಟ್ಟು, ಜಾಲರಿಯನ್ನು ಹಾಗೆಯೇ ಎತ್ತಿ ಊಟದ ಮೇಜಿನ ನಡುವೆ ಇಟ್ಟಳು. ಆರುವ ತನಕ ಕಾದು ಅತ್ತೆ ಒಂದನ್ನು ಕಚ್ಚಿದರು. ಕರಕ್ಕೆಂದ ಸದ್ದು ಮನೆ ತುಂಬಾ ಕೇಳಿಸಿತು. ಮಡಿಲಿನ ಮೇಲೆ ಉದುರಿದ ಚೂರುಗಳನ್ನೂ ಬೆರಳಿಗೆ ಒತ್ತಿ ಒತ್ತಿ ತಿಂದರು.

ಹೌದಪ್ಪ ಬಂದಾಗ ಮೇಜಿನ ಮೇಲೆ ಇನ್ನೂ ನಾಲ್ಕೈದು ಉಳಿದಿದ್ದವು. ಅವನ ಕೈಯಲ್ಲಿ ಟವೆಲ್ ಸುತ್ತಿದ ಡಬ್ಬಿ ಇತ್ತು. ನಿಮ್ಮದೇ ತಾನೆ, ತೆಗೆದುಕೊಂಡು ಹೋಗಿ ಎಂದು ಮೇಡಂ ಎಲ್ಲರ ಮುಂದೆ ಕೊಟ್ಟು ಕಳಿಸಿದ್ದರು. ನನ್ನ ಮಾನ ಕಳೆದೆಯಲ್ಲೇ, ಇನ್ನು ಆ ಕುರ್ಚಿ ಕನಸಿನ ಮಾತು ಎಂದು ಅವನು ಕೂಗಾಡಿದ. ಅವಳು ತನ್ನ ಪಾಡಿಗೆ ಚಹಾ ಬಗ್ಗಿಸಿಕೊಂಡಳು. ಕೂಗಿ ಕೂಗಿ ಅವನಿಗೇ ಸಾಕಾಯಿತು. ಅಲ್ಲಿ ಗಂಟಲಲ್ಲಿ ಏನೂ ಇಳಿದಿರಲಿಲ್ಲವೆಂದು ಕಾಣುತ್ತದೆ, ಕುರ್ಚಿ ಎಳೆದುಕೊಂಡು ಕೂತು ಜಾಲರಿಯ ಕಡೆ ಕೈ ಚಾಚಿದ.

ಅತ್ತೆ ಜಾಲರಿಯನ್ನು ಸೊಸೆಯ ಕಡೆಗೆ ಸರಿಸಿದರು.

“ಅದು ಯಾರ್ದೋ ಏನೋ, ನಿನಗೆ ಗೊತ್ತಿಲ್ಲವಲ್ಲ,” ಎಂದರು. “ನಿಂದು ಡಬ್ಬೀಲಿದೆ.”

ಅವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಟವೆಲ್ ಬಿಚ್ಚಿ, ಮುಚ್ಚಳ ತೆಗೆದು ಪಕ್ಕದಲ್ಲಿ ಅಂಗಾತ ಇಟ್ಟು, ಒಳಗಿದ್ದುದನ್ನು ಬೆರಳಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡ. ಅಗಿಯುವ ಸದ್ದೇ ಬರಲಿಲ್ಲ. ಮುಚ್ಚಳದ ಅಂಚಿನಲ್ಲಿ ಉಳಿದಿದ್ದ ಹನಿಗಳು ಒಂದೊಂದಾಗಿ ಜಾರಿ ನಡುವಿಗೆ ಬಂದು ಸೇರುತ್ತಿದ್ದವು.