ಮೊದಲು ಬಸ್ ನಿಲ್ದಾಣ

ಶಾಸಕನಾದ ಮೇಲೂ ಊರಿನವರು ಅವನನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಮೀಸೆ ಚಿಗುರಿದಾಗಿನಿಂದ ತಲೆ ನರೆಯುವವರೆಗೆ ಸರ್ಕಾರಿ ಬಸ್ಸು ಓಡಿಸಿದವನು, ನೌಕರರ ಸಂಘದ ಮುಂದಾಳಾಗಿ ಚುನಾವಣೆಗೆ ನಿಂತು ಯಾರೂ ಎಣಿಸದ ರೀತಿಯಲ್ಲಿ ಗೆದ್ದುಬಂದಿದ್ದ. ಸದನದ ಮೊದಲ ದಿನ, ಬಾಗಿಲಲ್ಲಿ ಗುಂಪುಗೂಡಿದ್ದ ಸದಸ್ಯರಿಗೆ ಅಭ್ಯಾಸಬಲದಿಂದ “ಒಳಗೆ ಹೋಗಿ, ಒಳಗೆ ಜಾಗ ಇದೆ” ಎಂದು ಕೂಗಿ ಎದುರು ಪಕ್ಷದವರನ್ನೂ ನಗಿಸಿದ್ದ.

ಅವನನ್ನು ಸಾಕಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ಅಕ್ಕ ಶಾಲೆ ಬಿಟ್ಟು ಹೊಲಿಗೆ ಹಿಡಿದಳು. ಈಗಲೂ ಅವಳ ವಾಸ ಕಾಲುವೆಯ ಪಕ್ಕದ ಕೆಳಗಿನ ಕಾಲೋನಿಯಲ್ಲಿ. ಮುಂದಿನ ಕೋಣೆಯಲ್ಲೇ ಮಿಷಿನ್ ಇಟ್ಟುಕೊಂಡು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಜೋರು ಮಳೆ ಬಂದರೆ ಕಾಲುವೆ ಉಕ್ಕಿ ಹೊಸಿಲವರೆಗೆ ಬರುತ್ತಿತ್ತು. ಕೆಲವು ವರ್ಷ ಹೊಸಿಲು ದಾಟಿದ್ದೂ ಉಂಟು. ಚುನಾವಣೆಯ ಹೊತ್ತಿಗೆ ತಮ್ಮನನ್ನು ಮನೆಮನೆಗೆ ಕರೆದುಕೊಂಡು ಹೋದವಳು ಅವಳೇ. ಕಾಲೋನಿಯ ಬೇಕರಿಯ ಮುಂದೆ ನಿಂತು, ಗೆದ್ದರೆ ನನ್ನ ಮೊದಲ ಕೆಲಸ ಕಾಲುವೆಗೆ ತಡೆಗೋಡೆ ಎಂದು ಅವನು ಮಾತು ಕೊಟ್ಟಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಬೇಕರಿಯವನು.

ಬಜೆಟ್ಟಿಗೆ ಮುಂಚೆ ಹಣಕಾಸು ಮಂತ್ರಿಗಳು ಅವನನ್ನು ಕರೆಸಿದರು. ಕ್ಷೇತ್ರಕ್ಕೆ ಈ ವರ್ಷ ಒಂದೇ ದೊಡ್ಡ ಕೆಲಸ, ಯಾವುದೆಂದು ನೀವೇ ಹೇಳಿ ಎಂದರು. ದಾರಿಯುದ್ದಕ್ಕೂ ಅವನ ಬಾಯಲ್ಲಿ ತಡೆಗೋಡೆಯೇ ಇತ್ತು. ಆದರೆ ಊರಿನ ಬಸ್ ನಿಲ್ದಾಣದ ಬೇಡಿಕೆಯೂ ಸುಳ್ಳಲ್ಲ. ಹೆಂಗಸರಿಗೆ ಅಲ್ಲಿ ಶೌಚಾಲಯ ಇರಲಿಲ್ಲ, ಡ್ರೈವರುಗಳು ಮಲಗುವ ಕೋಣೆ ಸೋರುತ್ತಿತ್ತು, ಸಂಘದವರು ದಿನಾ ಅವನ ಬೆನ್ನು ಬಿದ್ದಿದ್ದರು. ಅವನು ತಡವರಿಸುವುದನ್ನು ಕಂಡು ಮಂತ್ರಿಗಳು ಮುಗುಳ್ನಕ್ಕರು.

“ಗೋಡೆ ಕಟ್ಟಿದ್ರೆ ನೀರು ಬರಲ್ಲ, ಒಪ್ಪಿದೆ. ಬರದೇ ಇರೋ ನೀರನ್ನ ಯಾರು ನೋಡ್ತಾರೆ ಹೇಳಿ? ನಿಲ್ದಾಣ ಆದ್ರೆ ದಿನಾ ಸಾವಿರಾರು ಜನ ನೋಡ್ತಾರೆ.”

ಅವನು ಬಸ್ ನಿಲ್ದಾಣ ಎಂದುಬಿಟ್ಟ. ಎರಡು ವರ್ಷದಿಂದ ಮಳೆಯೂ ಕಡಿಮೆ, ಇನ್ನೊಂದು ವರ್ಷ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಗೋಡೆ ಮುಂದಿನ ವರ್ಷ ಎಂದು ಅಕ್ಕನಿಗೆ ಫೋನಿನಲ್ಲೇ ತಿಳಿಸಿದ. ಅವಳು, ಆಯಿತು, ನಿನಗೆ ಗೊತ್ತಿರುತ್ತದೆ ಎಂದಳು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದು ಆಮೇಲೆ ಅವನು ಎಷ್ಟೋ ಸಲ ನಾಚಿದ್ದುಂಟು.

ನಿಲ್ದಾಣ ಚೆನ್ನಾಗಿಯೇ ಆಯಿತು. ಅದರ ಉದ್ಘಾಟನೆಯ ಹೂಮಾಲೆ ಒಣಗುವ ಮುಂಚೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಕಾಲುವೆ ಒಡೆದು ನೀರು ಕೆಳಗಿನ ಕಾಲೋನಿಯ ಕಿಟಕಿಗಳವರೆಗೆ ಏರಿತು. ಬೇಕರಿಯ ಒಲೆ ಕುಸಿದು ಮಣ್ಣಿನ ಗುಡ್ಡೆಯಾಯಿತು. ಹಾಸಿಗೆ ಹಿಡಿದಿದ್ದ ಬೇಕರಿಯವನ ತಾಯಿಯನ್ನು ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ಹೊತ್ತು ತಂದರು. ನೆನೆದ ಮುದುಕಿಗೆ ಉಸಿರು ಕಟ್ಟತೊಡಗಿ ಆಸ್ಪತ್ರೆಗೆ ಸೇರಿಸಿದರು. ಉಳಿದವರೆಲ್ಲ ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿಕೊಂಡರು.

ಅಧಿವೇಶನ ಬಿಟ್ಟು ಮರುದಿನ ಓಡಿಬಂದ ಅವನು ಬೈಗುಳಕ್ಕೆ ಸಿದ್ಧನಾಗಿಯೇ ಶಾಲೆಯೊಳಗೆ ಕಾಲಿಟ್ಟ. ಯಾರೂ ಬೈಯಲಿಲ್ಲ. ಅದೇ ಅವನನ್ನು ಹೆದರಿಸಿತು. ಬೇಕರಿಯವನ ಹತ್ತಿರ ಹೋಗಿ, ತಾಯಿ ಹೇಗಿದ್ದಾರೆ ಎಂದು ಕೇಳಿ, ತಪ್ಪಾಯಿತು ಎನ್ನಲು ಬಾಯಿ ತೆರೆದ.

“ನಿಮ್ಮನ್ನ ಅಂದು ಏನು ಪ್ರಯೋಜನ ಡ್ರೈವರಣ್ಣ,” ಎಂದ ಬೇಕರಿಯವನು. “ನಿಮ್ಮಕ್ಕನೇ ಅಲ್ವಾ ನಿಲ್ದಾಣ ಮೊದಲು ಆಗ್ಲಿ ಅಂದಿದ್ದು? ನಮ್ಮ ಜೊತೆಲೇ ಇದ್ದು ನಮ್ಮ ಕುತ್ತಿಗೆಗೆ ತಂದ್ರು.”

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಬಜೆಟ್ಟಿನ ಸುದ್ದಿ ಬಂದ ದಿನ ಕಾಲೋನಿಯವರೆಲ್ಲ ಅಕ್ಕನ ಮನೆ ಮುಂದೆ ಸೇರಿ, ನಿಮ್ಮ ತಮ್ಮ ಕೈ ಕೊಟ್ಟ ಎಂದು ಕೂಗಾಡಿದ್ದರು. ಅವಳು ಮಿಷಿನ್ ನಿಲ್ಲಿಸಿ ಹೊರಗೆ ಬಂದು, ಅವನು ಗೋಡೆ ಎಂದೇ ಹಟ ಹಿಡಿದಿದ್ದ, ಹೆಣ್ಣುಮಕ್ಕಳಿಗೆ ಶೌಚಾಲಯ ಆಗಲಿ, ನಾವು ಒಂದು ವರ್ಷ ತಡೆದುಕೊಳ್ಳೋಣ ಎಂದು ನಾನೇ ಒಪ್ಪಿಸಿದೆ ಎಂದಿದ್ದಳು. ಅಂದಿನಿಂದ ಅಕ್ಕಪಕ್ಕದವರು ಅವಳ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರು. ಹೊಲಿಗೆಯೂ ಬೇರೆ ಕಡೆ ಹೋಗಿತ್ತು. ಇಷ್ಟರಲ್ಲಿ ಒಂದನ್ನೂ ಅವಳು ತಮ್ಮನಿಗೆ ಹೇಳಿರಲಿಲ್ಲ.

ಅವನು ಸುತ್ತ ನೋಡಿದ. ಕಪ್ಪುಹಲಗೆಯ ಕೆಳಗೆ ಅಕ್ಕ ಒಬ್ಬಳೇ ಕುಳಿತಿದ್ದಳು. ಕಾಲು ಚಾಚಲೂ ಜಾಗವಿಲ್ಲದ ಕೋಣೆಯಲ್ಲಿ ಅವಳ ಚಾಪೆಯ ಸುತ್ತ ಮಾತ್ರ ಬರಿ ನೆಲ.

ಅವನಿಂದ ತಡೆಯಲಾಗಲಿಲ್ಲ. ಕೋಣೆಯ ನಡುವೆ ನಿಂತು, ಅಕ್ಕ ಏನೂ ಹೇಳಿರಲಿಲ್ಲ, ಆರಿಸಿದವನು ನಾನು, ಅವಳಿಗೆ ಆಮೇಲೆ ತಿಳಿಸಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬೇಕರಿಯವನು, ಹಾಗಾದರೆ ಅಕ್ಕ ತಮ್ಮ ಇಬ್ಬರೂ ಸೇರಿ ನಮಗೆ ಟೋಪಿ ಹಾಕಿದಿರಿ ಎಂದು ಎದ್ದು ಹೋದ.

ಅಕ್ಕ ಅವನನ್ನು ಅಂಗಳದ ನಲ್ಲಿಯ ಹತ್ತಿರ ಕರೆದಳು. ಅವಳ ಸೀರೆಯ ಅಂಚಿಗೆ ಇನ್ನೂ ಕೆಸರು ಹತ್ತಿತ್ತು.

“ನಿನ್ನ ಎದೆ ಹಗುರ ಆಯ್ತಾ?”

“ನಿನ್ನನ್ನ ಹಾಗೆ ನೋಡಕ್ಕೆ ಆಗ್ಲಿಲ್ಲ ಅಕ್ಕ.”

“ಇಷ್ಟು ದಿನ ತಪ್ಪು ಬುದ್ಧಿ ಹೇಳಿದವಳಾಗಿದ್ದೆ. ಈಗ ಸುಳ್ಳಿ ಆದೆ. ನೀನು ಕಾರು ಹತ್ತಿ ಹೋಗ್ತೀಯ, ನಾನು ಇವರ ಮಧ್ಯೆನೇ ಇರ್ಬೇಕು.” ಅವಳು ನಲ್ಲಿ ತಿರುಗಿಸಿ ಕೈ ತೊಳೆದಳು. “ಒಂದು ಮಾತು ಕೇಳಬಹುದಿತ್ತು. ಆಗಲೂ ಕೇಳ್ಲಿಲ್ಲ, ಈಗಲೂ ಕೇಳ್ಲಿಲ್ಲ.”



ಬೇಕರಿಯವನ ತಾಯಿ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ವಯಸ್ಸಾಗಿತ್ತು ಎಂದರು ವೈದ್ಯರು. ಆ ಮಾತಿನ ಹಿಂದೆ ಅವಿತುಕೊಳ್ಳಬಹುದಿತ್ತು, ಅವನು ಪ್ರಯತ್ನಿಸಿಯೂ ನೋಡಿದ, ಆಗಲಿಲ್ಲ. ಮಂತ್ರಿಗಳ ಬಾಗಿಲಲ್ಲಿ ಕಾದು ಕಾದು ಮುಂದಿನ ಬಜೆಟ್ಟಿನಲ್ಲಿ ತಡೆಗೋಡೆಯನ್ನು ಮಂಜೂರು ಮಾಡಿಸಿದ. ಕೆಲಸ ಶುರುವಾದಾಗ ಅಡಿಗಲ್ಲು, ಫಲಕ ಯಾವುದೂ ಬೇಡವೆಂದ. ಅಕ್ಕನ ಮನೆಗೆ ಒಬ್ಬೊಬ್ಬರೇ ಬಟ್ಟೆ ತರತೊಡಗಿದ್ದರು. ಶಾಲೆ ತೆರೆಯುವ ಸಮಯ, ಸಮವಸ್ತ್ರ ಬೇಕಿತ್ತು. ಅವಳು ತಮ್ಮನಿಗೆ ಚಹಾ ಕೊಡುತ್ತಿದ್ದಳು, ಹೇಳಲೇಬೇಕಾದಷ್ಟನ್ನು ಮಾತ್ರ ಹೇಳುತ್ತಿದ್ದಳು.

ಅದರ ಮುಂದಿನ ವರ್ಷದ ಕೆಲಸ ಯಾವುದೆಂದು ಮಂತ್ರಿಗಳ ಕಚೇರಿಯಿಂದ ಮತ್ತೆ ಕರೆ ಬಂದಾಗ ಅವನು ನೇರವಾಗಿ ಅಕ್ಕನಲ್ಲಿಗೆ ಹೋದ. ನನ್ನನ್ನೊಬ್ಬಳನ್ನೇ ಕೇಳಿದರೆ ಆಗಲಿಲ್ಲ, ಬೇಕರಿಗೆ ಹೋಗು ಎಂದಳು ಅವಳು.

ಶಾಲೆಯ ಕೋಣೆಯಿಂದ ಎದ್ದು ಹೋದ ದಿನದಿಂದ ಬೇಕರಿಯವನು ಅವನೊಡನೆ ಮಾತು ಬಿಟ್ಟಿದ್ದ. ಹೊಸ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದವನು ತಲೆ ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡ.

“ಆಚೆ ದಡದವರನ್ನ ಕೇಳಿ,” ಎಂದ ಕೊನೆಗೆ. “ಈ ಗೋಡೆ ಮುಗಿದ್ರೆ ನಮ್ಮ ಪಾಲಿನ ನೀರೂ ಅವರ ಮನೆಗೇ ನುಗ್ಗುತ್ತೆ. ಅವರಿಗೆ ಯಾರಾದ್ರೂ ಹೇಳಿದ್ದೀರಾ?”

ಯಾರೂ ಹೇಳಿರಲಿಲ್ಲ. ಅವನಿಗೆ ಅದು ಹೊಳೆದೂ ಇರಲಿಲ್ಲ. ಅವನು ಕಾರನ್ನು ಅಲ್ಲೇ ಬಿಟ್ಟು ಸೇತುವೆಯ ಮೇಲೆ ನಡೆದು ಹೋದ. ಆಚೆ ದಡದ ಮೊದಲ ಮನೆಯ ಮುಂದೆ ಹೆಂಗಸೊಬ್ಬಳು ಬಟ್ಟೆ ಒಣಗಹಾಕುತ್ತಿದ್ದಳು. ಅವಳಿಗೆ ಅವನ ಗುರುತು ಸಿಗಲಿಲ್ಲ. ಅವನು ತಾನು ಯಾರೆಂದು ಹೇಳಿ, ಮಳೆ ಬಂದಾಗ ನಿಮ್ಮ ಮನೆಗೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಳಗೆ ಬಂದು ನೋಡಿ ಎಂದಳು.