ಅಕ್ಕನಿಗೆ ತಲುಪದ ಮೇಲ್

ಗಂಡನ ಮಾತು ಸರಿಯಾಗಿದ್ದಾಗಲೇ ಅವಳಿಗೆ ಹೆಚ್ಚು ಸಿಟ್ಟು ಬರುತ್ತಿತ್ತು. ತಪ್ಪು ಮಾಡುವ ಗಂಡನನ್ನಾದರೆ ನಾಲ್ಕು ಮಾತು ಬೈದು ಹಗುರಾಗಬಹುದು. ಯಾವಾಗಲೂ ಸರಿಯಾಗಿಯೇ ಇರುವವನನ್ನು ಏನೆಂದು ಬೈಯುವುದು? ನಮ್ಮ ಪತ್ರ, ನಮ್ಮ ಫೋಟೋ ಯಾವುದೋ ದೊಡ್ಡ ಕಂಪನಿಯ ಉಗ್ರಾಣದಲ್ಲಿ ಯಾಕೆ ಬಿದ್ದಿರಬೇಕು ಎಂದು ಅವನು ಕೇಳಿದ. ಅದು ಸರಿಯೇ. ಹಾಗಾಗಿ ಚಪ್ಪಲಿ ಗೂಡಿನ ಮೇಲೆ ಪುಟ್ಟ ಕಂಪ್ಯೂಟರೊಂದು ಬಂದು ಕೂತಿತು. ಪುಕ್ಕಟೆ ಸಿಗುವ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತಂತ್ರಾಂಶಗಳನ್ನೇ ಹುಡುಕಿ ಅವನು ಅದರಲ್ಲಿ ತುಂಬಿದ. ಮನೆಯ ಮೇಲ್, ಮಗಳ ಫೋಟೋಗಳು, ಅವಳ ಕನ್ನಡಕದ ಅಂಗಡಿಯ ಗಿರಾಕಿಗಳ ವಿವರ, ಎಲ್ಲವೂ ಅದರ ಹೊಟ್ಟೆಗೆ ಹೋದವು. ಅವಳ ಅಕ್ಕ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕು, ತಂಗಿಯ ಗಂಡನಿಗೆ ಗುಟ್ಟಪ್ಪ ಎಂದು ಹೆಸರಿಟ್ಟಳು.

ಆಮೇಲೆ ಆ ಅಕ್ಕನ ಜೊತೆಗೇ ಜಗಳವಾಯಿತು. ಇವಳ ಮಗಳು ಟಬ್ಬಿನಲ್ಲಿ ಕೂತು ಸ್ನಾನ ಮಾಡುತ್ತಿದ್ದ ಫೋಟೋ ಒಂದನ್ನು ಅಕ್ಕ ಊರಿಗೆಲ್ಲ ಕಾಣುವಂತೆ ಇಂಟರ್ನೆಟ್ಟಿಗೆ ಹಾಕಿದ್ದಳು. ತೆಗೆಸು ಎಂದ ಗಂಡ. ಅದೂ ಸರಿಯೇ. ಇವಳು ಫೋನ್ ಮಾಡಿದಳು, ಮಾತಿಗೆ ಮಾತು ಬೆಳೆಯಿತು, ಕೊನೆಗೆ ಇವಳ ಬಾಯಿಂದ ಆ ಮಾತು ಬಿತ್ತು: "ನಿನಗೂ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು."

ಅಕ್ಕ ಫೋನ್ ಇಟ್ಟಳು. ಫೋಟೋ ತೆಗೆದಳು. ಅಲ್ಲಿಂದ ಮಾತು ನಿಂತಿತು.

ಕೆಲವು ತಿಂಗಳ ನಂತರ ಅಕ್ಕನಿಗೆ ಆಪರೇಷನ್ ಆಗಿದೆ, ಮನೆಗೆ ಬಂದಿದ್ದಾಳೆ ಎಂದು ಚಿಕ್ಕಮ್ಮನಿಂದ ತಿಳಿಯಿತು. ಫೋನ್ ಮಾಡಲು ಇವಳಿಗೆ ಧೈರ್ಯ ಬರಲಿಲ್ಲ. ಇಬ್ಬರ ನಾಲಿಗೆಯೂ ಇವಳಿಗೆ ಗೊತ್ತು, ಎರಡನೇ ಮಾತಿಗೇ ಮತ್ತೆ ಕಿತ್ತಾಟ. ಒಂದು ಭಾನುವಾರವಿಡೀ ಕೂತು ಅಕ್ಕನಿಗೊಂದು ಮೇಲ್ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಳಿಸಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಉತ್ತರ ಮಾತ್ರ ಬರಲಿಲ್ಲ. ಓದಿಯೂ ಸುಮ್ಮನಿದ್ದಾಳಲ್ಲ ಎಂದು ಮೊದಲು ಅತ್ತಳು, ಆಮೇಲೆ ಇಷ್ಟು ಬಗ್ಗಿದ್ದೇ ಹೆಚ್ಚಾಯಿತು ಎಂದು ಬಿಗಿದುಕೊಂಡಳು.

ಹೀಗೇ ತಿಂಗಳು ದಾಟಿತು. ಮೊನ್ನೆ ಅಂಗಡಿಗೆ ಕನ್ನಡಕದ ಗಾಜು ಪೂರೈಸುವವನು ಫೋನ್ ಮಾಡಿದ.

"ಮೇಡಂ, ಆರ್ಡರ್ ಕಳಿಸ್ಲೇ ಇಲ್ವಲ್ಲ ಅಂತ ಕಾಯ್ತಾ ಇದ್ದೆ. ಈಗ ನೋಡಿದ್ರೆ ಜಂಕಲ್ಲಿ ಬಿದ್ದಿದೆ! ಒಂದಲ್ಲ, ನಿಮ್ಮವೇ ಐದಾರಿವೆ."

ಬೇಡದ ಮೇಲ್‌ಗಳ ಕಸದ ಬುಟ್ಟಿ. ಅವಳ ಕೈಯಲ್ಲಿದ್ದ ಫ್ರೇಮು ಹಾಗೇ ಉಳಿಯಿತು. ಆರ್ಡರಿನ ಚಿಂತೆ ಅವಳಿಗೆ ಬರಲೇ ಇಲ್ಲ, ನೆನಪಾದದ್ದು ಅಕ್ಕನಿಗೆ ಬರೆದ ಪತ್ರ.

ಮನೆಗೆ ಬಂದವಳೇ ಗಂಡನನ್ನು ಹಿಡಿದಳು.

"ಸಾಧ್ಯವೇ ಇಲ್ಲ. ಪ್ರತಿ ವಾರ ಪರೀಕ್ಷೆ ಮಾಡ್ತೀನಿ," ಎಂದ ಅವನು. "ಈಗಲೇ ನೋಡು ಬೇಕಾದ್ರೆ." ಅವಳ ಫೋನ್ ಟಿಣ್ ಎಂದಿತು. "ಬಂತಲ್ಲ!"

"ಯಾರಿಂದ ಯಾರಿಗೆ ಕಳಿಸಿದ್ರಿ?"

"ನನ್ನಿಂದ ನಿನಗೆ."

"ಪ್ರತಿ ವಾರ ಹೀಗೇನಾ ಪರೀಕ್ಷೆ ಮಾಡೋದು?"

"ಹೂಂ. ಮತ್ತೆ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಮೇಲ್ ಖಾತೆಯೂ ಇವಳದೂ ಇರುವುದು ಅದೇ ಕಂಪ್ಯೂಟರ್ ಪೆಟ್ಟಿಗೆಯಲ್ಲಿ. ಮಹಾರಾಯನ ಪರೀಕ್ಷೆ ಒಂದು ದಿನವೂ ಚಪ್ಪಲಿ ಗೂಡು ದಾಟಿರಲಿಲ್ಲ! ಅವನು ಪತ್ರ ಬರೆಯುವ ಗೆಳೆಯರೋ, ಅವರೂ ಮನೆಯಲ್ಲೇ ಪೆಟ್ಟಿಗೆ ಇಟ್ಟುಕೊಂಡ ಗುಟ್ಟಪ್ಪಗಳು. ಮಿಕ್ಕ ಲೋಕದ ಮೇಲ್ ಕಂಪನಿಗಳು ಮಾತ್ರ, ಯಾವುದೋ ಗುರುತಿಲ್ಲದ ಮನೆಯಿಂದ ಬಂದದ್ದೆಂದು, ಇವರು ಕಳಿಸಿದ್ದನ್ನೆಲ್ಲ ಕಸಕ್ಕೆ ಹಾಕುತ್ತಿದ್ದವು.

"ಅದು ಆ ಕಂಪನಿಗಳ ದಬ್ಬಾಳಿಕೆ ಕಣೆ," ಎಂದ ಅವನು. ಅದೂ ಸರಿಯೇ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅಕ್ಕನ ಊರಿಗೆ ಬಸ್ಸಿನಲ್ಲಿ ಎರಡು ತಾಸು. ಬಾಗಿಲು ತೆರೆದ ಅಕ್ಕ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಮೆಲ್ಲಗೆ ನಡೆದು ಸೋಫಾ ಸೇರಿದಳು.

"ಏನು, ದಾರಿ ತಪ್ಪಿ ಬಂದ್ಯಾ?"

"ಅಕ್ಕ, ನಾನು ನಿನಗೆ ಬರೆದಿದ್ದೆ. ಆಪರೇಷನ್ ಆದ ವಾರವೇ. ಅದು ಜಂಕಿಗೆ ಹೋಗಿದೆ."

"ಹಾಗೆ ಹೇಳದವರು ಯಾರಿದಾರೆ? ಆಫೀಸಲ್ಲಿ ನಾನೂ ದಿನಾ ಅದನ್ನೇ ಹೇಳ್ತೀನಿ."

ಅಕ್ಕನ ಫೋನ್ ಇಸಿದುಕೊಂಡು ಇವಳೇ ಹುಡುಕಿದಳು. ಜಂಕಲ್ಲಿ ಇದ್ದದ್ದು ಸಾಲದ ಆಮಿಷ, ಕೂದಲು ಬೆಳೆಸುವ ಎಣ್ಣೆ, ಅಷ್ಟೇ. ತಿಂಗಳು ತುಂಬಿದ್ದನ್ನೆಲ್ಲ ಬುಟ್ಟಿ ತಾನೇ ಅಳಿಸಿಹಾಕಿತ್ತು.

"ಕಳಿಸಿದವಳ ಹತ್ರ ಇರಬೇಕಲ್ಲ? ತೋರಿಸು."

ಇವಳು ತನ್ನ ಫೋನ್ ತೆರೆದಳು. ಕಳೆದುಹೋದರೂ ಯಾರೂ ಓದಬಾರದೆಂದು ಗಂಡ ಫೋನಿನಲ್ಲಿ ಒಂದಕ್ಷರವೂ ಉಳಿಯದ ಹಾಗೆ ಮಾಡಿಟ್ಟಿದ್ದ. ಎಲ್ಲವೂ ಮನೆಯ ಪೆಟ್ಟಿಗೆಯಿಂದಲೇ ಬರಬೇಕು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಸಂಪರ್ಕ ಸಿಗುತ್ತಿಲ್ಲ ಎಂದಿತು. ಗಂಡನಿಗೆ ಫೋನ್ ಮಾಡಿದಳು.

"ನಿನ್ನ ಕೆಲಸವೇ ಮಾಡ್ತಾ ಇದೀನಿ!" ಅವನ ದನಿಯಲ್ಲಿ ಹುರುಪೋ ಹುರುಪು. "ಮೇಲ್ ಸರಿ ಮಾಡೋಣ ಅಂತ ಎಲ್ಲಾ ಬಿಚ್ಚಿ ಹಾಕಿದೀನಿ. ಸ್ವಲ್ಪ ತಡಿ."

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ತಿಂಗಳುಗಟ್ಟಲೆ ಕೆಟ್ಟಿದ್ದನ್ನು ರಿಪೇರಿ ಮಾಡಲು ಈ ಪುಣ್ಯಾತ್ಮನಿಗೆ ಇದೇ ಗಳಿಗೆ ಸಿಗಬೇಕೇ? ಅಕ್ಕ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದನ್ನು ತಡೆದುಕೊಳ್ಳಲು ಇವಳಿಂದ ಆಗಲಿಲ್ಲ.

"ಬಿಡು," ಎಂದಳು. "ಬರೆದೇ ಇರಲಿಲ್ಲ ಅಂತಲೇ ಇಟ್ಕೋ. ಈಗ ಹೇಳ್ತೀನಿ. ಅವತ್ತು ಫೋಟೋ ತೆಗಿ ಅಂದಿದ್ದು ಸರಿ. ಆದ್ರೆ ಮಕ್ಕಳ ಮಾತು ಎತ್ತಿದ್ನಲ್ಲ, ಅದು ನೋಯಿಸ್ಬೇಕು ಅಂತಲೇ ಅಂದಿದ್ದು. ಎಲ್ಲಿ ಹೊಡೆದ್ರೆ ನಿನಗೆ ಜಾಸ್ತಿ ನೋಯುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೇ ಹೊಡೆದೆ ಅಕ್ಕ. ನನ್ನ ಕ್ಷಮಿಸು."

ಭಾನುವಾರವಿಡೀ ಬರೆದದ್ದರಲ್ಲಿ ಇಷ್ಟು ನೇರವಾದ ಮಾತು ಒಂದೂ ಇರಲಿಲ್ಲ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸೋಫಾದ ಮೇಲೆ ಚಾಚಿದ್ದ ಕಾಲನ್ನು ಮಡಚಿ ಜಾಗ ಮಾಡಿದಳು, ಇವಳು ಕೂತಳು.

"ಇಷ್ಟು ಹೇಳಿದ್ರೆ ಸಾಕಿತ್ತು ಕಣೇ," ಎಂದಳು ಅಕ್ಕ, ಇವಳ ಮೊಣಕೈ ಹಿಡಿದುಕೊಂಡು. "ಬರೆದಿದ್ದೆ ಅಂತ ಸುಳ್ಳು ಹೇಳೋದು ಬೇಕಾಗಿರಲಿಲ್ಲ. ಹೋಗ್ಲಿ ಬಿಡು, ಅದನ್ನೂ ಮರೆತೆ."

ಇವಳ ಮೈಯೆಲ್ಲ ಉರಿದುಹೋಯಿತು. ಸುಳ್ಳಲ್ಲ! ಅಷ್ಟರಲ್ಲಿ ಮಡಿಲಲ್ಲಿದ್ದ ಫೋನ್ ಬೆಳಗಿತು. ಗುಟ್ಟಪ್ಪನ ಪೆಟ್ಟಿಗೆ ಎದ್ದಿತ್ತು. ಪರದೆಯ ತುಂಬ ಅವಳ ಪತ್ರ, ಮೇಲೆ ಅಕ್ಕನ ವಿಳಾಸ, ಪಕ್ಕದಲ್ಲಿ ಕಳಿಸಿದ ತಾರೀಖು. ತೋರಿಸಲು ಕೈ ಎತ್ತಿದ್ದಳು ಕೂಡ. ಅಕ್ಕನ ಕೈ ಇನ್ನೂ ಅವಳ ಮೊಣಕೈ ಮೇಲೇ ಇತ್ತು.

"ಯಾರದ್ದೇ ಅದು?" ಎಂದಳು ಅಕ್ಕ.

"ಅಂಗಡೀದು," ಎಂದು ಇವಳು ಫೋನ್ ಆರಿಸಿ ಚೀಲಕ್ಕೆ ಹಾಕಿದಳು. ಆ ಮನೆಯಲ್ಲಿ ಅವಳು ಅವತ್ತು ಹೇಳಿದ ಸುಳ್ಳು ಅದೊಂದೇ.