ಹನ್ನೆರಡನೆಯ ಮೂಗು

1958ನೆಯ ಇಸವಿ, ಮೇ 3, ಶನಿವಾರ. ಸಂಜೆ ಐದು ಗಂಟೆಗೆ ಸ್ಕಾರ್ನೆಸ್ ಎಂಬ ಬಂದರೂರಿನ ವಸ್ತುಸಂಗ್ರಹಾಲಯದ ಮೇಜಿನ ಮೇಲೆ ಹತ್ತಿ ಹಾಸಿ ಹನ್ನೊಂದು ಮೂಗುಗಳನ್ನು ಸಾಲಾಗಿ ಇಟ್ಟಿದ್ದರು. ಗೋಡೆಯ ಬದಿಯ ಪೀಠಗಳ ಮೇಲೆ ಅಮೃತಶಿಲೆಯ ತಲೆಗಳು ಹನ್ನೆರಡು. ಲೆಕ್ಕಕ್ಕೆ ಒಂದು ಮೂಗು ಕಡಮೆ ಬೀಳುತ್ತಿತ್ತು. ಅದು ಇನ್ನೂ ಗ್ರೀಕರ ಆರ್ಟೆಮಿಸ್ ದೇವಿಯ ಮುಖದಲ್ಲೇ ಇತ್ತು. ಅವಳ ಮುಂದೆ ಆಸ್ಗರ್ ಕುರ್ಚಿ ಹಾಕಿಕೊಂಡು ಕುಳಿತಿದ್ದ.

ಆಸ್ಗರನಿಗೆ ಅರವತ್ತೆಂಟು ವರ್ಷ. ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಕೆಲಸವನ್ನು ನಲವತ್ತು ವರ್ಷ ಮಾಡಿ ಬಿಟ್ಟವನು. ಮಂಜಿನಲ್ಲಿ ಅವನ ದೋಣಿಗಿಂತ ಮೊದಲು ಅವನ ಮೂಗು ಕಾಣಿಸುತ್ತಿತ್ತೆಂದು ಊರಿನವರು ಹೇಳುತ್ತಿದ್ದರು. ಹಣೆಯಿಂದ ತಗ್ಗಿಲ್ಲದೆ ನೇರವಾಗಿ ಇಳಿದು, ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಎಡಕ್ಕೆ ವಾಲಿದ ಮೂಗು. ಆರ್ಟೆಮಿಸಳದೂ ಅಂಥದೇ, ಎಡಕ್ಕೆ ವಾಲಿದ್ದೂ ಸೇರಿ.

ಇದಕ್ಕೆ ಕಾರಣ ಊರಿಗೆಲ್ಲ ತಿಳಿದಿತ್ತು. 1841ರಲ್ಲಿ ಈ ಊರಿನ ಹಡಗೊಂದು ಗ್ರೀಸಿನಿಂದ ಬರಿದಾಗಿ ಹಿಂತಿರುಗುವಾಗ, ತಳಕ್ಕೆ ಭಾರವಿರಲೆಂದು ಒಡೆದ ವಿಗ್ರಹಗಳ ತಲೆಗಳನ್ನು ಹೇರಿಕೊಂಡು ಬಂದಿತ್ತು. ಮೂಗು ಹೋದ ಮುಖಗಳನ್ನು ಸರಿಪಡಿಸಲು ಟ್ರೋಲ್ಸನಿಗೆ ಒಪ್ಪಿಸಿದರು. ಅವನು ಹಡಗಿನ ಮುಂಭಾಗಕ್ಕೆ ಮರದ ಬೊಂಬೆ ಕೆತ್ತುವವನು, ಆಸ್ಗರನ ಅಜ್ಜ. ದೇವತೆಗಳ ಮೂಗು ಹೇಗಿರುತ್ತದೆಂದು ಅವನಿಗೆ ಹೇಳುವವರಿರಲಿಲ್ಲ. ಕಣ್ಣೆದುರಿಗಿದ್ದದ್ದು ನೆರೆಹೊರೆಯವರ ಮೂಗು. ಒಡೆದ ಸಮಾಧಿಕಲ್ಲೊಂದನ್ನು ತುಂಡು ಮಾಡಿ ಆ ಮೂಗುಗಳನ್ನೇ ಕೆತ್ತಿದ, ಅರಗಿನಲ್ಲಿ ಅಂಟಿಸಿದ, ಬಣ್ಣ ಒಂದಾಗಲೆಂದು ತಲೆಗಳಿಗೆಲ್ಲ ಸುಣ್ಣ ಬಳಿದ. ಹೀಗೆ ಜ್ಯೂಸ್ ದೇವನಿಗೆ ಬಿಯರ್ ಭಟ್ಟಿಯವನ ಗೆಡ್ಡೆ ಮೂಗು ಬಂತು, ಅಥೀನಾ ದೇವಿಗೆ ಸೂಲಗಿತ್ತಿಯದು. ಅಂದಿನಿಂದ ಊರಿನ ಯಾವ ಮಗುವಿಗೆ ನಾಮಕರಣವಾದರೂ ಚರ್ಚಿನಿಂದ ಮನೆಗೆ ಹೋಗುವ ದಾರಿಯಲ್ಲಿ ಇಲ್ಲಿಗೆ ಎತ್ತಿಕೊಂಡು ಬಂದು, ಯಾವ ದೇವರ ಮೂಗೆಂದು ಹೋಲಿಸಿ ನೋಡುವುದು ರೂಢಿಯಾಯಿತು.

ಆರ್ಟೆಮಿಸಳ ಮೂಗು ಟ್ರೋಲ್ಸನ ಹೆಂಡತಿ ಬೋದಿಲ್‌ಳದೆಂದು ಎಲ್ಲರೂ ಒಪ್ಪಿದ್ದರು. ಒಂಬತ್ತು ವರ್ಷದವನಾಗುವ ತನಕ ಆಸ್ಗರ್ ಆ ಅಜ್ಜಿಯ ಮಡಿಲಲ್ಲಿ ಕುಳಿತು ಆ ಮೂಗನ್ನು ಹಿಡಿದು ಎಳೆದಿದ್ದ. "ನಿಮ್ಮಜ್ಜ ನನ್ನ ಹೆಸರು ಕೇಳೋಕೆ ಮೊದ್ಲೇ ಕಿಟಕಿ ಹತ್ರ ಪಕ್ಕಕ್ಕೆ ತಿರುಗಿ ನಿಂತ್ಕೊ ಅಂದ," ಎಂದು ಆಕೆ ನಗುತ್ತಿದ್ದಳು. ಆಕೆಯ ಭಾವಚಿತ್ರ ಒಂದೂ ಇರಲಿಲ್ಲ. ಆಸ್ಗರನ ಪಾಲಿಗೆ ಅಜ್ಜಿಯ ಮುಖದಲ್ಲಿ ಉಳಿದದ್ದು ಈ ಕಲ್ಲಿನ ಮೂಗೊಂದೇ.

ಈಗ ರಾಜಧಾನಿ ಕೋಪನ್‌ಹೇಗನ್ನಿನಿಂದ ಪ್ರಾಚೀನ ಶಿಲ್ಪಗಳ ಪಂಡಿತ ಡಾಕ್ಟರ್ ವಿಂಥರ್ ಬಂದಿದ್ದರು. ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆದು, ಗ್ರೀಕರು ಕೆತ್ತಿದ್ದನ್ನಷ್ಟೇ ಉಳಿಸಬೇಕೆಂಬುದು ಅವರು ತಂದ ಆದೇಶ.

"ಡಾಕ್ಟ್ರೇ, ಇದೊಂದನ್ನ ಬಿಟ್ಬಿಡಿ," ಎಂದ ಆಸ್ಗರ್. "ಹನ್ನೆರಡರಲ್ಲಿ ಒಂದು. ಯಾರಿಗೆ ಗೊತ್ತಾಗತ್ತೆ?"

"ಹನ್ನೊಂದು ಜನ ಮೂಗಿಲ್ದೆ ಕೂತಿರೋವಾಗ ಇವಳೊಬ್ಬಳು ಮೂಗೆತ್ಕೊಂಡು ಕೂತಿದ್ರೆ ಕುರುಡನಿಗೂ ಗೊತ್ತಾಗತ್ತೆ."

"ಅವಳು ಮೊದ್ಲಿಂದ್ಲೂ ಹಾಗೇ. ನಮ್ಮಜ್ಜಿ."

"ನಿಮ್ಮಜ್ಜಿ ಅಲ್ಲ ಸ್ವಾಮಿ. ಎರಡು ಸಾವಿರದ ಮುನ್ನೂರು ವರ್ಷದ ಗ್ರೀಕ್ ಕೆಲಸ."

"ಮೂಗಿಂದ ಹಿಂದಕ್ಕೆಲ್ಲ ಗ್ರೀಕರದು, ನನ್ನ ತಕರಾರಿಲ್ಲ. ಮೂಗು ನಮ್ಮದು."

ಸಂಗ್ರಹಾಲಯದ ಮೇಲ್ವಿಚಾರಕಿ ತೂರಾ ಬೀಗದ ಕೈಗೊಂಚಲನ್ನು ಸದ್ದು ಮಾಡಿದಳು. ಅವಳೂ ಆಸ್ಗರನೂ ಶಾಲೆಯಲ್ಲಿ ಒಂದೇ ಬೆಂಚಿನವರು.

"ಏಳು ಆಸ್ಗರ್. ಬಾಗಿಲು ಹಾಕ್ಬೇಕು."

"ನನ್ನನ್ನೂ ಒಳಗೇ ಹಾಕಿ ಬೀಗ ಹಾಕ್ಕೊ."

"ನೀನು ಗೊರಕೆ ಹೊಡೆದ್ರೆ ಉಳಿದಿರೋ ಅದೊಂದೂ ಕಳಚಿ ಬೀಳತ್ತೆ. ಏಳು."

ಕೊನೆಯ ಮೂಗನ್ನು ನಾಳೆ ಹನ್ನೊಂದು ಗಂಟೆಗೆ ತೆಗೆಯುವೆನೆಂದರು ಡಾಕ್ಟರ್. ಸೋಮವಾರ ಅವರ ಹಡಗು.

ಭಾನುವಾರ ಚರ್ಚು ಮುಗಿದದ್ದೇ ತಡ, ಊರಿಗೆ ಊರೇ ಸಂಗ್ರಹಾಲಯಕ್ಕೆ ಬಂತು. ಮೇಜಿನ ಸುತ್ತ ನಿಂತು ತಮ್ಮ ತಮ್ಮ ಮನೆತನದ ಮೂಗುಗಳನ್ನು ಗುರುತಿಸಿದರು. ರೊಟ್ಟಿ ಅಂಗಡಿಯ ಗರ್ಡಾ ನಾಲ್ಕನೆಯದರ ಮುಂದೆ ನಿಂತಳು.

"ನಮ್ಮ ಮುತ್ತಾತಂದು. ತೂರಾ, ಕಿಟಕಿ ಮುಚ್ಚು, ಪಾಪ, ನೆಗಡಿ ಆದೀತು."

"ಜ್ಯೂಸ್ ಮೂಗು ಒಂದಕ್ಕೇ ಎರಡು ಜನದ ಜಾಗ ಬೇಕು ನೋಡಿ," ಎಂದ ಹಿಂದಿನಿಂದ ಯಾರೋ.

ಆಸ್ಗರ್ ನಗಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು ಆರ್ಟೆಮಿಸಳ ಪಕ್ಕದಲ್ಲಿ ನಿಂತಿದ್ದ.

ಡಾಕ್ಟರ್ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ದೇವಿಯ ಮೂಗಿಗೆ ಸುತ್ತಿದರು. ಸುಣ್ಣ ಬಿಟ್ಟು, ಅರಗು ಮೆತ್ತಗಾಗಿ, ಬೆಸುಗೆಯ ಗೆರೆ ಕಾಣಿಸಬೇಕು. ಉಳಿದ ಹನ್ನೊಂದರಲ್ಲೂ ಅದು ಮೊದಲ ಬಟ್ಟೆಗೇ ಕಂಡಿತ್ತು. ಇಲ್ಲಿ ಸುಣ್ಣವೇನೋ ಹೋಯಿತು, ಗೆರೆ ಕಾಣಲಿಲ್ಲ. ಎರಡನೆಯ ಬಟ್ಟೆ ಸುತ್ತಿದರು. ಮೂರನೆಯದು. ಆಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಾಗಿಯೇ ಇದ್ದರು.

"ಇದು ಬರೋದಿಲ್ಲ," ಎಂದರು.

"ಬರದಿದ್ರೆ ಬಿಡಿ," ಎಂದ ಆಸ್ಗರ್. ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತು. "ನಮ್ಮಜ್ಜನ ಅಂಟು ಅಂದ್ರೆ ಅಂಟು."

"ಅಂಟೇ ಇಲ್ಲ. ಮುಖ, ಮೂಗು ಎರಡೂ ಒಂದೇ ಕಲ್ಲು. ಇದು ಒಡೆದೇ ಇರಲಿಲ್ಲ. ಗ್ರೀಕನೇ ಕೆತ್ತಿದ್ದು." ಅವರು ಭೂತಗನ್ನಡಿಯನ್ನು ಮತ್ತೆ ಮೂಗಿಗೆ ಹಿಡಿದರು. "ಇಡೀ ಮೂಗು ಸಿಕ್ಕೋದು ಎಷ್ಟು ಅಪರೂಪ ಗೊತ್ತಾ ನಿಮಗೆ?"

ಜನ ಮೂಗಿನ ಮೇಲೆ ಬೆರಳಿಟ್ಟರು. ಆಸ್ಗರ್ ಕುರ್ಚಿ ಎಳೆದುಕೊಂಡು ಕುಳಿತ. ಮೂಗು ಉಳಿಯಿತು, ಅಜ್ಜಿ ಹೋದಳು. ಕಳಚಿ ಹತ್ತಿಯ ಮೇಲೆ ಮಲಗಿದ್ದರೂ ಅದು ಅಜ್ಜಿಯದಾಗಿಯಾದರೂ ಇರುತ್ತಿತ್ತು.

"ಅರವತ್ತು ವರ್ಷದಿಂದ ಯಾರೋ ಪರದೇಶದವಳನ್ನ ಅಜ್ಜಿ ಅಂತ ಕರೀತಾ ಬಂದ್ಯಲ್ಲೋ," ಎಂದಳು ಗರ್ಡಾ. ಕೋಣೆಯೆಲ್ಲ ನಕ್ಕಿತು.

"ಮತ್ತೆ ಎಡಕ್ಕೆ ವಾಲಿರೋದು?" ಎಂದು ಆಸ್ಗರ್ ತನ್ನ ಮೂಗನ್ನೇ ಮುಟ್ಟಿಕೊಂಡು ಕೇಳಿದ.

"ಕಾಕತಾಳೀಯ," ಎಂದರು ಡಾಕ್ಟರ್.

"ಡಾಕ್ಟ್ರೇ, ಸಮುದ್ರದಿಂದ ನೋಡ್ವಾಗ ದಡದ ಮೇಲೆ ಎರಡು ದೀಪ ಒಂದೇ ಗೆರೇಲಿ ಕಂಡ್ರೆ ಅದು ಕಾಕತಾಳೀಯ ಅಲ್ಲ. ದಾರಿ ತೋರ್ಸೋಕೆ ಯಾರೋ ಬೇಕೂಂತ್ಲೇ ನಿಲ್ಲಿಸಿರ್ತಾರೆ."

ತೂರಾ ಆಗಲೇ ಮೇಜಿನ ಬಳಿಗೆ ಹೋಗಿದ್ದಳು. ಮೂಗುಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಅಂಟಿನೊಳಗೆ ನೂರಕ್ಕೂ ಹೆಚ್ಚು ವರ್ಷ ಅಡಗಿದ್ದ ಹಿಂಬದಿಯಲ್ಲಿ ಉಳಿಯಿಂದ ಗೀರಿದ ಅಂಕೆಗಳಿದ್ದವು: ಒಂದು, ಎರಡು, ಮೂರು. ಕೊನೆಯದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು.

"ಹನ್ನೊಂದು. ಕೊನೆಯದು. ಟ್ರೋಲ್ಸ್. ಫೆಬ್ರವರಿ 1843." ಆಸ್ಗರನ ಕಡೆ ತಿರುಗಿದಳು. "ನಿಮ್ಮಜ್ಜ ಮಾಡಿದ್ದೇ ಹನ್ನೊಂದು. ಅವನಿಗೆ ಗೊತ್ತಿತ್ತು. ಎರಡು ಚಳಿಗಾಲ ಇವಳೊಬ್ಬಳ ಇಡೀ ಮೂಗನ್ನ ನೋಡ್ತಾ ಕೂತಿದ್ದ. ಮದುವೆ ಯಾವಾಗ ಆದ?"

"ಅದೇ ವರ್ಷ. ಆಗಸ್ಟಲ್ಲಿ. ಮನೆ ಬೈಬಲ್ಲಲ್ಲಿ ಬರ್ದಿದೆ."

"ಹೆಣ್ಣು ಎಲ್ಲಿಯವಳು?"

"ಪಡುವಣ ದ್ವೀಪದವಳು. ದೋಣೀಲಿ ನಾಲ್ಕು ದಿನದ ದಾರಿ."

"ಅಷ್ಟು ದೂರ ಯಾಕೆ ಹೋದ? ಈ ಊರಲ್ಲಿ ಹೆಣ್ಣಿರಲಿಲ್ವಾ? ನಮ್ಮಜ್ಜಿ ಸಾಯೋವರೆಗೂ ಅದನ್ನೇ ಕೇಳ್ತಿದ್ದಳು."

ಕಿಟಕಿಯ ಬೆಳಕು ಆರ್ಟೆಮಿಸಳ ಕೆನ್ನೆಗೆ ಪಕ್ಕದಿಂದ ಬೀಳುತ್ತಿತ್ತು. ಆಸ್ಗರ್ ಎದ್ದು ಅಲ್ಲಿಗೆ ಹೋಗಿ ಅವಳನ್ನು ಪಕ್ಕದಿಂದ ನೋಡಿದ.

"ಕಿಟಕಿ ಹತ್ರ ಪಕ್ಕಕ್ಕೆ ತಿರುಗಿ ನಿಂತ್ಕೊ ಅಂದನಂತೆ," ಎಂದ ಮೆಲ್ಲಗೆ. "ಹೆಸರು ಕೇಳೋಕೆ ಮೊದ್ಲೇ. ಅಜ್ಜಿ ತಮಾಷೆಗೆ ಹೇಳ್ತಾಳೆ ಅನ್ಕೊಂಡಿದ್ದೆ. ಇವಳ ಮೂಗನ್ನೇ ಹುಡುಕ್ಕೊಂಡು ಹೋಗಿದ್ದಾನೆ ಮುದುಕ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು. "ಗ್ರೀಕರ ಕಲೆ ನಮ್ಮ ಕಟ್ಟಡಗಳ ಮೇಲೆ, ನಾಣ್ಯಗಳ ಮೇಲೆ, ಚಿತ್ರಗಳ ಮೇಲೆ ಬೀರಿದ ಪ್ರಭಾವದ ವಿಷಯ ಮೂವತ್ತು ವರ್ಷ ಪಾಠ ಮಾಡಿದೀನಿ. ಒಂದು ಮದುವೆ ಮೇಲೆ ಬೀರಿದ್ದನ್ನ ಇದೇ ಮೊದ್ಲು ನೋಡ್ತಿರೋದು."

"ಅಂದ್ರೆ ನಮ್ಮ ಮೂಗೆಲ್ಲ ದೇವರಿಗೆ ಹೋಯ್ತು, ದೇವರ ಮೂಗು ಇವನಿಗೆ ಬಂತು," ಎಂದಳು ಗರ್ಡಾ. "ಇನ್ನು ಇವನ ಜಂಭ ತಡೆಯೋರ್ಯಾರು?"

"ಜಂಭ ಅಲ್ಲ ಗರ್ಡಾ, ಸಾಲ," ಎಂದ ಆಸ್ಗರ್. ಅವನು ಬೆರಳು ಮಡಿಸಿ ಎಣಿಸತೊಡಗಿದ. ತಾನು, ತಂಗಿ, ಮಗಳು, ಇಬ್ಬರು ಗಂಡುಮಕ್ಕಳು, ನಾಲ್ವರು ಮೊಮ್ಮಕ್ಕಳು. ಎಣಿಕೆ ತಪ್ಪಿತೋ ಎಂದು ಇನ್ನೊಮ್ಮೆ ಎಣಿಸಿದ.

"ಜೀವಂತವಾಗಿರೋದು ಒಂಬತ್ತು ಮೂಗು. ಎಲ್ಲ ಇವಳಿಂದ ಸಾಲ ತಂದದ್ದೇ."

"ತೀರಿಸೋದು ಹೇಗೆ?" ಎಂದು ಕೇಳಿದಳು ತೂರಾ.

"ಕೆತ್ತಿದವನ ಹೆಸರೇನು ಡಾಕ್ಟ್ರೇ?"

"ಯಾರಿಗೂ ಗೊತ್ತಿಲ್ಲ."

ಹನ್ನೊಂದು ಮೂಗುಗಳಿಗೆ ಗಾಜಿನ ಪೆಟ್ಟಿಗೆ ಮಾಡಿಸಿ, ಅವುಗಳ ದೇವತೆಗಳ ಎದುರಿಗೇ ಇಟ್ಟರು. ಆರ್ಟೆಮಿಸ್ ಮಾತ್ರ ಮೊದಲಿದ್ದಂತೆಯೇ ಇದ್ದಳು. ಆಸ್ಗರ್ ಅಲ್ಲಿಗೆ ಹೋದಾಗಲೆಲ್ಲ ಅವಳೆದುರು ಟೋಪಿ ತೆಗೆಯುತ್ತಿದ್ದ. ಕೊಡಬೇಕಾದವನ ಹೆಸರು ತಿಳಿಯದ್ದರಿಂದ ಸಾಲ ತೀರಲಿಲ್ಲ. ಅಕ್ಟೋಬರಿನಲ್ಲಿ ಮಗಳಿಗೆ ಇನ್ನೊಂದು ಮಗು ಹುಟ್ಟಿ ಆ ಸಾಲ ಹತ್ತು ಮೂಗಿಗೆ ಏರಿತು.